ಚಾಮರಾಜನಗರದ ಹಿಟ್ಟು, ಗುಂಡ್ಲುಪೇಟೆಯ ಹೋಟೆಲು

ಮಲೆಯೂರಿನ ಕನಕಗಿರಿಗೆ ಕ್ಷೇತ್ರಕಾರ್ಯಕ್ಕೆಂದು ಹೋಗಿಬಂದ ಸ್ನಾತಕೋತ್ತರ ವಿದ್ಯಾರ್ಥಿಗಳು ತಮ್ಮ ಟಿಪ್ಪಣಿಗಳನ್ನು ತಿದ್ದಿಕೊಡಬೇಕೆಂದು ನನ್ನ ಬಳಿ ತಂದಿದ್ದರು. ಶಾಸನಪಾಠಗಳಲ್ಲಿದ್ದ ತಪ್ಪುಗಳು ನಿರೀಕ್ಷಿತವೇ ಆಗಿದ್ದವು. ನನ್ನನ್ನು ತಡೆದು ನಿಲ್ಲಿಸಿದ್ದು ಕೊನೆಯ ಪುಟದ, ಯಾರೂ ಗಂಭೀರವಾಗಿ ಬರೆದಿರಲಾರದ ಒಂದು ವಾಕ್ಯ. ಗುಂಡ್ಲುಪೇಟೆಯ ಆಹಾರ ಸಂಸ್ಕೃತಿ ಸಮೃದ್ಧವಾಗಿದೆ, ಚಾಮರಾಜನಗರದಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇಲ್ಲ ಎಂಬುದು ಅದರ ಸಾರ. ವಿಚಾರಿಸಿದಾಗ ಅವರು ಗುಂಡ್ಲುಪೇಟೆಯಲ್ಲಿ ಎರಡು ಹೊತ್ತು, ಚಾಮರಾಜನಗರದಲ್ಲಿ ಒಂದು ಹೊತ್ತು ಹೋಟೆಲಿನಲ್ಲಿ ಉಂಡಿದ್ದರೆಂದು ತಿಳಿಯಿತು. ಮೂರು ಊಟಗಳ ಆಧಾರದ ಮೇಲೆ ಎರಡು ಊರುಗಳ ಸಂಸ್ಕೃತಿಯನ್ನು ತೂಗಿದ ಈ ಧೈರ್ಯವನ್ನು ಕಂಡು ನಗಬಹುದಿತ್ತು. ಆದರೆ ಇದೇ ತೀರ್ಮಾನವನ್ನು ವಿದ್ವಾಂಸರ ಬಾಯಲ್ಲಿಯೂ ಕೇಳಿದ್ದೇನೆ. ಚಾಮರಾಜನಗರ ಹಿಂದುಳಿದದ್ದು, ಅಲ್ಲಿಗೆ ಹೋದ ಮುಖ್ಯಮಂತ್ರಿಗಳು ಅಧಿಕಾರ ಕಳೆದುಕೊಳ್ಳುತ್ತಾರೆ ಎಂಬ ಮಾತಿನ ಸಾಲಿನಲ್ಲಿಯೇ ಅಲ್ಲಿ ಊಟವೂ ಸಿಗುವುದಿಲ್ಲ ಎಂಬುದು ಸೇರಿಕೊಂಡಿದೆ. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ಚರ್ಚಿಸುವುದು ಅನುಚಿತವಾಗಲಾರದು.

ಈ ಎರಡು ಊರುಗಳ ನಡುವಣ ದೂರ 40 ಕಿ.ಮೀ.ಗೂ ಕಡಿಮೆ. ನಡುವೆ ತೆರಕಣಾಂಬಿ. ಎರಡೂ ಒಂದೇ ಜಿಲ್ಲೆಯವು, ಒಂದೇ ಬಗೆಯ ಕನ್ನಡವನ್ನು ಆಡುವಂಥವು. ಎರಡರ ಇತಿಹಾಸದಲ್ಲಿಯೂ ಒಂದು ಕುತೂಹಲಕರ ಸಾಮ್ಯವಿದೆ. ಅರಿಕುಠಾರವೆಂಬ ಹಳೆಯ ಊರಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಮ್ಮ ತಂದೆ ಚಾಮರಾಜ ಒಡೆಯರ ಹೆಸರನ್ನಿಟ್ಟರು. ತಂದೆ ಹುಟ್ಟಿದ್ದು ಆ ಊರಿನಲ್ಲಿ. 1826ರಲ್ಲಿ ಚಾಮರಾಜೇಶ್ವರ ದೇವಾಲಯವೂ ಆಯಿತು. ಅದಕ್ಕಿಂತ ಒಂದೂವರೆ ಶತಮಾನ ಹಿಂದೆ ಚಿಕ್ಕದೇವರಾಜ ಒಡೆಯರು ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಾಲಯವನ್ನು ಕಟ್ಟಿಸಿದ್ದು ಅಲ್ಲಿ ಕೊನೆಯುಸಿರೆಳೆದ ತಮ್ಮ ತಂದೆಯ ನೆನಪಿಗೆ. ಒಂದು ಊರು ತಂದೆಯ ಹುಟ್ಟಿನ ಸ್ಮಾರಕ, ಇನ್ನೊಂದು ತಂದೆಯ ಸಾವಿನ ಸ್ಮಾರಕ. ಇಷ್ಟು ಹತ್ತಿರದ ಎರಡು ಊರುಗಳ ಸ್ವಭಾವ ಇಷ್ಟು ಬೇರೆಯಾದದ್ದು ಹೇಗೆ ಎಂಬುದೇ ಪ್ರಶ್ನೆ.

ಉತ್ತರ ರಸ್ತೆಯಲ್ಲಿದೆ. ಗುಂಡ್ಲುಪೇಟೆಯಲ್ಲಿ ಮೈಸೂರಿನ ಹೆದ್ದಾರಿ ಕವಲೊಡೆಯುತ್ತದೆ. ಒಂದು ಕವಲು ಸುಲ್ತಾನ್ ಬತ್ತೇರಿಯ ಮೂಲಕ ಕೋಳಿಕ್ಕೋಡಿಗೆ, ಇನ್ನೊಂದು ಬಂಡೀಪುರದ ಕಾಡನ್ನು ದಾಟಿ ಊಟಿಗೆ. 2009ರಿಂದ ಈ ಎರಡೂ ದಾರಿಗಳು ರಾತ್ರಿ 9 ಗಂಟೆಯಿಂದ ಬೆಳಗಿನ 6ರವರೆಗೆ ಮುಚ್ಚಿರುತ್ತವೆ. ಹಾಗಾಗಿ ಸಂಜೆಯಾದೊಡನೆ ಊರಿಗೆ ಒಂದು ಬಗೆಯ ಅವಸರ ಬರುತ್ತದೆ. ಕಾಡು ದಾಟಬೇಕಾದವರು, ದಾಟಿ ಬಂದವರು, ಗೇಟು ಮುಚ್ಚಿತೆಂದು ಉಳಿದುಹೋದವರು, ಎಲ್ಲರೂ ಹೆದ್ದಾರಿಯ ಬದಿಯ ಹೋಟೆಲುಗಳಲ್ಲಿ ಕೂಡುತ್ತಾರೆ. ಫಲಕಗಳು ಕನ್ನಡದ ಜೊತೆಗೆ ಮಲಯಾಳದಲ್ಲಿಯೂ ಇವೆ. ಪರೋಟ, ಪುಟ್ಟು, ಪಳಂಪೊರಿ, ಹಾಲಿಲ್ಲದ ಕಟ್ಟನ್ ಚಾಯ ಒಂದೆಡೆ. ಉತ್ತರ ಭಾರತದ ಪ್ರವಾಸಿಗಳಿಗೆಂದು ರೊಟ್ಟಿ, ದಾಲ್ ಇನ್ನೊಂದೆಡೆ. ಇಡ್ಲಿ, ದೋಸೆ, ವಡೆಗಳಂತೂ ಇದ್ದೇ ಇವೆ. ಪರಿಚಾರಕರು ಮೂರು ನಾಲ್ಕು ಭಾಷೆಗಳನ್ನು ಆಡುತ್ತಾರೆ, ಬಂದವನ ಮುಖ ನೋಡಿ ಭಾಷೆಯನ್ನು ಆರಿಸುತ್ತಾರೆ. ಇದು ಅಲ್ಪ ಸಾಧನೆಯಲ್ಲ. ನನ್ನ ವಿದ್ಯಾರ್ಥಿಗಳು ಸಮೃದ್ಧಿ ಎಂದು ಕರೆದದ್ದು ಇದನ್ನೇ.

ಚಾಮರಾಜನಗರಕ್ಕೂ ಹೆದ್ದಾರಿಯಿದೆ. ಅದು ಪುಣಜನೂರಿನ ತಪಾಸಣಾ ಠಾಣೆಯನ್ನು ದಾಟಿ, ಹಾಸನೂರಿನ ಮೂಲಕ ದಿಂಬಂ ಘಾಟಿಯ 27 ತಿರುವುಗಳನ್ನಿಳಿದು ಸತ್ಯಮಂಗಲಕ್ಕೆ ಹೋಗುತ್ತದೆ. ಆದರೆ ಆ ದಾರಿಯಲ್ಲಿ ಹೆಚ್ಚಾಗಿ ಓಡುವುದು ಸರಕು ಲಾರಿ, ಪ್ರವಾಸಿಯ ಕಾರು ಕಡಿಮೆ. ಲಾರಿಯವರು ಊರೊಳಗೆ ನಿಲ್ಲುವುದೂ ಕಡಿಮೆ. ಮೈಸೂರಿನಿಂದ ಬರುವ ರೈಲು ಇಲ್ಲಿಗೇ ಮುಗಿಯುತ್ತದೆ. 1997ರಲ್ಲಿ ಜಿಲ್ಲಾ ಕೇಂದ್ರವಾದ ಮೇಲೆ ಊರಿಗೆ ಬರುವವರೆಂದರೆ ಕಚೇರಿಗೆ, ನ್ಯಾಯಾಲಯಕ್ಕೆ, ಆಸ್ಪತ್ರೆಗೆ, ಸಂತೆಗೆ, ಕಾಲೇಜಿಗೆ ಬರುವ ಸುತ್ತಲಿನ ಹಳ್ಳಿಗಳ ಜನ. ಅವರು ಬೆಳಿಗ್ಗೆ ಬಂದು ಇಡ್ಲಿಯನ್ನೋ ಚಿತ್ರಾನ್ನವನ್ನೋ ತಿನ್ನುತ್ತಾರೆ. ಕೆಲಸ ತಡವಾದರೆ ಮಧ್ಯಾಹ್ನ ಹಿಟ್ಟು ಸಾರು ಉಣ್ಣುತ್ತಾರೆ. ಸಂಜೆಯ ಬಸ್ಸಿಗೆ ಊರು ಸೇರಿ ರಾತ್ರಿಯ ಊಟವನ್ನು ಮನೆಯಲ್ಲಿ ಮಾಡುತ್ತಾರೆ. ಗುಂಡ್ಲುಪೇಟೆಯ ಹೋಟೆಲು ಹೊರಟವರಿಗೆ ಅಡುಗೆ ಮಾಡುತ್ತದೆ, ಚಾಮರಾಜನಗರದ್ದು ಮನೆಗೆ ಮರಳುವವರಿಗೆ. ಮರಳುವವನಿಗೆ ಬೇಕಾದದ್ದು ಹಸಿವು ತಣಿಯುವಷ್ಟು ಮಾತ್ರ. ಹೋಟೆಲುಗಳನ್ನು ಎಣಿಸಿ ಊರಿನ ರುಚಿಯನ್ನು ನಿರ್ಧರಿಸುವ ಕ್ರಮ ಇಂಥ ಊರಿಗೆ ಅನ್ವಯಿಸುವುದೇ ಇಲ್ಲ.

ಇಲ್ಲಿ ನನ್ನದೇ ಅನುಭವವನ್ನು ಹೇಳಬೇಕು. ನಾನು ಸೂರ್ಯಾಸ್ತಕ್ಕೆ ಮುಂಚೆ ಉಣ್ಣುವವನು; ಈರುಳ್ಳಿ, ಬೆಳ್ಳುಳ್ಳಿ, ಗಡ್ಡೆಗೆಣಸುಗಳನ್ನು ಬಿಟ್ಟವನು. ಹೀಗಿರುವವನು ಯಾವ ಊರಿನ ಹೋಟೆಲಿಗೂ ಒಂದು ಉಪದ್ರವವೇ. ಗುಂಡ್ಲುಪೇಟೆಯ ಹೋಟೆಲೊಂದರಲ್ಲಿ ನಾನು ಸಂಕೋಚದಿಂದ ವಿವರಿಸಲು ತೊಡಗಿದೊಡನೆ ಹುಡುಗ ತಡೆದು, "ಜೈನ್ ಮೀಲ್ಸಾ ಸಾರ್? ಐದು ನಿಮಿಷ" ಎಂದ. ಐದು ನಿಮಿಷಕ್ಕೇ ಬಂತು, ಬಿಸಿಯಾಗಿಯೂ ಇತ್ತು. ಊಟಿಗೆ ಹೋಗುವ ಗುಜರಾತಿನ, ರಾಜಸ್ಥಾನದ ಪ್ರವಾಸಿಗಳಿಂದ ಅವನು ಆ ಪದವನ್ನು ಕಲಿತಿದ್ದ. ಚಾಮರಾಜನಗರದಲ್ಲಿ ನ್ಯಾಯಾಲಯದ ಬಳಿ ಗೃಹಿಣಿಯೊಬ್ಬರು ನಡೆಸುತ್ತಿದ್ದ ಸಣ್ಣ ಹೋಟೆಲಿನಲ್ಲಿ ಕಥೆಯೇ ಬೇರೆ. ಉಪ್ಪುಸಾರಿನ ಖಾರಕ್ಕೆ ಬೆಳ್ಳುಳ್ಳಿ ಹಾಕಬಾರದು ಎಂದಾಗ ಆಕೆ, "ಬೆಳ್ಳುಳ್ಳಿ ಇಲ್ದೇ ಅದ್ಯಾವ ಖಾರ ಸಾಮಿ?" ಎಂದು ನಿಜವಾಗಿಯೂ ಆಶ್ಚರ್ಯಪಟ್ಟರು. ಆಮೇಲೆ ನನ್ನನ್ನು ಒಂದು ಕ್ಷಣ ದಿಟ್ಟಿಸಿ, "ಬಸ್ತಿಯೋರಾ?" ಎಂದು ಕೇಳಿದರು. ಹೌದೆಂದೆ. ಖಾರ ಸಿಗಲಿಲ್ಲ. ಹಿಟ್ಟಿಗೆ ಮೊಸರು ಹಾಕಿ, "ಹೊತ್ತು ಮುಳುಗೋಕ್ಮುಂಚೆ ಉಂಡ್ಬುಡಿ" ಎಂದರು.

ಗುಂಡ್ಲುಪೇಟೆಯಲ್ಲಿ ನನಗೆ ಬೇಕಾದ ಊಟ ಸಿಕ್ಕಿತು. ಆದರೆ ಅಲ್ಲಿ ನಾನು ಪಟ್ಟಿಯಲ್ಲಿರುವ ಒಂದು ಬಗೆಯ ಊಟದ ಗಿರಾಕಿ. ಚಾಮರಾಜನಗರದಲ್ಲಿ ಊಟ ಅರ್ಧವೇ ಸಿಕ್ಕಿತು; ಆದರೆ ಆಕೆಗೆ ಬಸ್ತಿ ಗೊತ್ತು, ಬಸ್ತಿಯವರ ಹೊತ್ತು ಗೊತ್ತು. ಯಾವುದು ಮೇಲು ಎಂದು ಕೇಳಿದರೆ, ಹಸಿದಾಗ ಮೊದಲನೆಯದು ಎಂದು ಒಪ್ಪಿಕೊಳ್ಳುತ್ತೇನೆ. ಸಂಸ್ಕೃತಿ ಎಂಬ ಪದವನ್ನು ಬಳಸುವುದಾದರೆ ಮಾತ್ರ ಎರಡನೆಯದರ ಕಡೆಗೆ ನನ್ನ ಒಲವು.

ಆಕೆ ಹೇಳಿದ ಆ ಬಸ್ತಿ ಸಾಮಾನ್ಯವಾದದ್ದಲ್ಲ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಪುಣಿಸನು ಅರಿಕುಠಾರದಲ್ಲಿ ಕಟ್ಟಿಸಿದ ಪಾರ್ಶ್ವನಾಥ ಬಸದಿ ಅದು. ಅದರ 1117ರ ಶಾಸನವನ್ನು ನೀಲಗಿರಿಯ ಇತಿಹಾಸಕಾರರು ತೋಡರ ಮೊದಲ ಉಲ್ಲೇಖಕ್ಕಾಗಿ ನೆನೆಯುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅಲ್ಲಿ ಬರುವ ದಾನದ ವಿವರ. ಕೆಟ್ಟುಹೋದ ವ್ಯಾಪಾರಿಗೆ, ಬಿತ್ತಲು ಬೀಜವಿಲ್ಲದ ಒಕ್ಕಲಿಗನಿಗೆ, ಒಡೆತನ ಕಳೆದುಕೊಂಡ ಕಿರಾತನಿಗೆ, ಅವರವರು ಕಳೆದುಕೊಂಡದ್ದನ್ನು ಪುಣಿಸನು ಭೇದವಿಲ್ಲದೆ ಕೊಟ್ಟನೆಂದು ಅದು ಹೇಳುತ್ತದೆ. ಪ್ರಶಸ್ತಿಯಲ್ಲಿ ಉತ್ಪ್ರೇಕ್ಷೆ ಇರಬಹುದು, ಇರುತ್ತದೆ. ಆದರೂ ಯುದ್ಧದಲ್ಲಿ ಗೆದ್ದವನನ್ನು ಹೊಗಳುವ ಶಾಸನವೊಂದು ಬೀಜವಿಲ್ಲದ ಒಕ್ಕಲಿಗನನ್ನು ನೆನೆದದ್ದು ಅಪರೂಪ. ಅನ್ನದ ಚರಿತ್ರೆ ಬರೆಯುವವರು ಹೋಟೆಲಿನಿಂದಲ್ಲ, ಈ ಬೀಜದಿಂದ ಆರಂಭಿಸಬೇಕು. (ಪುಣಿಸನ ಹೆಸರನ್ನು ಕಂಡೊಡನೆ ಪುಣಜನೂರನ್ನು ಅದಕ್ಕೆ ಗಂಟು ಹಾಕುವ ಉತ್ಸಾಹ ಕೆಲವರಿಗೆ ಬರಬಹುದು. ಧ್ವನಿಸಾಮ್ಯ ಪ್ರಮಾಣವಲ್ಲವೆಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.)

ಮೇಲೆ ಹಿಟ್ಟು ಎಂಬ ಪದವನ್ನು ಬಳಸಿದೆ. ಬೆಂಗಳೂರಿನ ಓದುಗರು ಅದನ್ನು ಪುಡಿ ಎಂದು ತಿಳಿಯಬಾರದು. ಈ ಸೀಮೆಯಲ್ಲಿ ಹಿಟ್ಟು ಎಂದರೆ ರಾಗಿಯ ಮುದ್ದೆ. ಹಳಗನ್ನಡದ ಪಿಟ್ಟು ಪಕಾರ ಕಳೆದುಕೊಂಡು ಹಿಟ್ಟಾಯಿತು. ಪುಡಿಯ ಹೆಸರೇ ಬೆಂದ ಅಡುಗೆಗೂ ನಿಂತದ್ದು ಅದು ದಿನನಿತ್ಯದ ಊಟವಾಗಿದ್ದುದಕ್ಕೆ ಸಾಕ್ಷಿ. ಪುಣಜನೂರಿನಾಚೆ, 1956ರಲ್ಲಿ ಮದರಾಸು ರಾಜ್ಯದಲ್ಲಿಯೇ ಉಳಿದ ತಾಳವಾಡಿಯ ಕನ್ನಡ ಮನೆಗಳಲ್ಲಿಯೂ ಅದು ಹಿಟ್ಟೇ. ತಮಿಳಿನಲ್ಲಿ ಮಾತಾಡುವಾಗ ಕಳಿ. ಗುಂಡ್ಲುಪೇಟೆಯ ಹೆದ್ದಾರಿಯ ಫಲಕಗಳಲ್ಲಿ ಮಾತ್ರ ಅದು ರಾಗಿಮುದ್ದೆ, ಎಲ್ಲೋ ಕೆಲವೆಡೆ, ವಿಶೇಷ ತಿನಿಸೆಂಬಂತೆ. ಊರವನ ಬಾಯಲ್ಲಿ ಹಿಟ್ಟು, ಫಲಕದಲ್ಲಿ ಮುದ್ದೆ. ಪದ ಬದಲಾದದ್ದು ಕಣ್ಣೆದುರಿನಲ್ಲಿಯೇ ನಡೆದಿದ್ದರೂ ನಮ್ಮ ಉಪಭಾಷಾ ಅಧ್ಯಯನಗಳು ಇತ್ತ ಗಮನ ಹರಿಸಿದಂತಿಲ್ಲ.

ನಮ್ಮ ಸಾಹಿತ್ಯದಲ್ಲಿ ಅಡುಗೆಯ ಬಗ್ಗೆ ಬರೆಯುವಾಗ ಮೊದಲು ನೆನೆಯುವುದು ಎರಡನೆಯ ಚಾವುಂಡರಾಯನ ಲೋಕೋಪಕಾರವನ್ನು ಮತ್ತು ಮೂರನೆಯ ಮಂಗರಸನ ಸೂಪಶಾಸ್ತ್ರವನ್ನು. ಮಂಗರಸ ಇಲ್ಲಿಗೆ ದೂರದವನೂ ಅಲ್ಲ, ಹುಣಸೂರಿನ ಕಡೆಯ ಕಲ್ಲಹಳ್ಳಿಯ ಪ್ರಭುಮನೆತನದವನು. ಹಿಟ್ಟಿನ ಭಕ್ಷ್ಯಗಳು, ಪಾನಕಗಳು, ಅನ್ನದ ಬಗೆಗಳು, ಬದನೆಯೇ ಮೊದಲಾದ ಕಾಯಿಪಲ್ಲೆಗಳು ಆತನ ಷಟ್ಪದಿಗಳಲ್ಲಿ ಬೇಯುತ್ತವೆ. ಜೈನನಾದ ನನಗೆ ಆ ಕೃತಿಯ ಬಗ್ಗೆ ಅಭಿಮಾನವಿದೆ. ಆದರೆ ಅದು ಉಗ್ರಾಣ ತುಂಬಿದವರ ಅಡುಗೆಮನೆ ಎಂಬುದನ್ನು ಅಭಿಮಾನ ಮರೆಸಬಾರದು. ಕನಕದಾಸರ ರಾಮಧಾನ್ಯಚರಿತ್ರೆಯಲ್ಲಿ ಭತ್ತ ಮತ್ತು ರಾಗಿ ತಮ್ಮ ಹಿರಿಮೆಗಾಗಿ ಜಗಳವಾಡಿ ಸೆರೆಗೆ ಬೀಳುತ್ತವೆ. ಆರು ತಿಂಗಳ ಮೇಲೆ ಭತ್ತ ಕಂದಿರುತ್ತದೆ, ರಾಗಿ ಗೆಲ್ಲುತ್ತದೆ. ಕಾವ್ಯದಲ್ಲಿ ರಾಗಿ ಗೆದ್ದಿತು. ಊರಿನಲ್ಲಿ ಗೆದ್ದದ್ದು ಅಕ್ಕಿಯೇ. ಈ ಸೀಮೆಯ ಜನಪದ ಮಹಾಕಾವ್ಯದಲ್ಲಿ ಮಾದೇಶ್ವರ ಸುತ್ತೂರು ಮಠದಲ್ಲಿ ರಾಗಿ ಬೀಸುವ ಚಾಕರಿಗೆ ನಿಲ್ಲುತ್ತಾನೆ. ರಾಗಿಯನ್ನು ಹಾಡಿದ ಜನ ಅದನ್ನು ಬೀಸಿದ ಶ್ರಮವನ್ನೂ ಹಾಡಿದರು ಎಂಬುದು ಇಲ್ಲಿ ಗಮನಾರ್ಹ.

ಇವೆಲ್ಲಕ್ಕಿಂತ ಹತ್ತಿರದಲ್ಲಿ, ಮೈಸೂರಿನಿಂದ ಈ ಎರಡೂ ಊರುಗಳಿಗೆ ಹೋಗುವಾಗ ದಾಟಬೇಕಾದ ನಂಜನಗೂಡು ಸೀಮೆಯಲ್ಲಿ, ದೇವನೂರ ಮಹಾದೇವರ ಒಡಲಾಳವಿದೆ. ಕಳೆದುಹೋದ ತನ್ನ ಹುಂಜವನ್ನು ಹುಡುಕುವ ಸಾಕವ್ವ. ರಾತ್ರಿ ಮನೆಗೆ ಬರುವ ಕದ್ದ ಕಡಲೆಕಾಯಿ ಮೂಟೆ. ಬೆಂಕಿಯ ಸುತ್ತ ಕುಳಿತು ಇಡೀ ಮನೆ ಅದನ್ನು ತಿಂದು ಮುಗಿಸುವ ಆ ಭಾಗ. ಕನ್ನಡದಲ್ಲಿ ಊಟದ ವರ್ಣನೆಗಳು ಅನೇಕವಿವೆ. ತಿನ್ನುವುದರ ಸುಖ ಮತ್ತು ಭಯ ಒಟ್ಟೊಟ್ಟಿಗೆ ಇಷ್ಟು ತೀವ್ರವಾಗಿ ಬಂದದ್ದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಆಹಾರ ಸಂಸ್ಕೃತಿ ಎಂಬ ಶೀರ್ಷಿಕೆಯ ಸಂಪ್ರಬಂಧಗಳಲ್ಲಿ ಸೂಪಶಾಸ್ತ್ರ ಬರುತ್ತದೆ, ಒಡಲಾಳ ಬರುವುದಿಲ್ಲ. ಅದಕ್ಕೆ ಹಸಿವು ಅಥವಾ ದಲಿತ ಸಂವೇದನೆ ಎಂಬ ಬೇರೆ ಅಧ್ಯಾಯ. ಈ ವಿಂಗಡಣೆಯೇ ತಪ್ಪು ಎಂಬುದು ನನ್ನ ಅಭಿಪ್ರಾಯ. ಕಡಲೆಕಾಯಿಯ ಆ ರಾತ್ರಿಯನ್ನು ಬಿಟ್ಟು ಈ ಸೀಮೆಯ ರುಚಿಯ ಬಗ್ಗೆ ಬರೆದರೆ ಉಳಿಯುವುದು ಹೋಟೆಲಿನ ತಿಂಡಿಪಟ್ಟಿ.

ಈಗ ಹೊಲಕ್ಕೆ ಬರೋಣ. ಗುಂಡ್ಲುಪೇಟೆಯ ಸುತ್ತ ಮಳೆಗಾಲದಲ್ಲಿ ಹೋದವರು ಚೆಂಡುಹೂವಿನ ಹಳದಿ, ಕಿತ್ತಳೆ ಹೊಲಗಳನ್ನು ನೋಡಿರುತ್ತಾರೆ. ಕೇರಳದಿಂದ ಬಂದವರು ಅಲ್ಲಿ ಕಾರು ನಿಲ್ಲಿಸಿ ಚಿತ್ರ ತೆಗೆದುಕೊಳ್ಳುತ್ತಾರೆ. ಹೂವಿನ ಒಂದು ಪಾಲು ಓಣಂನ ಪೂಕ್ಕಳಕ್ಕೆ ಹೋಗುತ್ತದೆ. ದೊಡ್ಡ ಪಾಲು ಕಂಪನಿಗಳ ಒಪ್ಪಂದದ ಮೇಲೆ ಬೆಳೆದು ಬಣ್ಣ ತೆಗೆಯುವ ಕಾರ್ಖಾನೆಗೆ ಹೋಗುತ್ತದೆ. ಆ ಬಣ್ಣದ ಮುಖ್ಯ ಬಳಕೆಗಳಲ್ಲಿ ಒಂದು ಕೋಳಿಯ ಆಹಾರ. ಮೊಟ್ಟೆಯ ಭಂಡಾರ ಹಳದಿಯಾಗಿ ಕಾಣಲೆಂದು. ಅನ್ನ ಬೆಳೆದ ನೆಲದಲ್ಲಿ ಈಗ ಅನ್ನದ ಬಣ್ಣ ಬೆಳೆಯುತ್ತದೆ, ಅದೂ ಬೇರೆ ಯಾರದೋ ತಟ್ಟೆಗೆ. ಶುಂಠಿಗೆಂದು ಕೇರಳದ ಬೆಳೆಗಾರರು ಜಮೀನು ಗುತ್ತಿಗೆ ಪಡೆಯುತ್ತಾರೆ. ನೇಂದ್ರ ಬಾಳೆ, ಸಣ್ಣ ಈರುಳ್ಳಿ, ತೆರಕಣಾಂಬಿಯ ತರಕಾರಿ ಘಾಟಿ ಇಳಿಯುತ್ತವೆ. ಚಾಮರಾಜನಗರದ ಅರಿಸಿನ ಈರೋಡಿಗೆ ಹೋಗುತ್ತದೆ. ಈ ದೃಷ್ಟಿಯಿಂದ ನೋಡಿದರೆ ಗುಂಡ್ಲುಪೇಟೆಯ ಹೋಟೆಲೂ ಹೊಲವೂ ಒಂದೇ ದಿಕ್ಕಿಗೆ ಮುಖ ಮಾಡಿವೆ. ಚಾಮರಾಜನಗರದ ಸುತ್ತಲೂ ಇದೇ ಆಗುತ್ತಿದೆ, ಸ್ವಲ್ಪ ನಿಧಾನವಾಗಿ. ಆ ನಿಧಾನವನ್ನೇ ನಾವು ಹಿಂದುಳಿದಿರುವಿಕೆ ಎನ್ನುತ್ತಿದ್ದೇವೆ.

ಇಲ್ಲಿ ಒಂದು ಆಕ್ಷೇಪಣೆಯನ್ನು ನಾನೇ ಎತ್ತಬೇಕು. ಹೂ ಬೆಳೆಯುವವನು ಮೂರ್ಖನಲ್ಲ. ರಾಗಿಯಿಂದ ಸಾಲ ತೀರುವುದಿಲ್ಲ ಎಂಬುದನ್ನು ಅವನು ನಮಗಿಂತ ಚೆನ್ನಾಗಿ ಬಲ್ಲ. ಪಡಿತರದ ಅಕ್ಕಿಯ ಬಗ್ಗೆ, 2013ರ ಅನ್ನಭಾಗ್ಯದ ಬಗ್ಗೆ ಕೊಂಕು ನುಡಿದು ರಾಗಿಯ ಗುಣಗಾನ ಮಾಡುವ ಲೇಖನಗಳನ್ನು ಬರೆಯುವವರು ಸಾಮಾನ್ಯವಾಗಿ ಸಾಕವ್ವನ ಮನೆಯವರಲ್ಲ. ಹಬ್ಬದ ದಿನವಷ್ಟೇ ಅಕ್ಕಿ ಕಂಡ ಮನೆಗೆ ದಿನವೂ ಅನ್ನ ಬಂದರೆ ಅದನ್ನು ಸಂಸ್ಕೃತಿಯ ನಾಶವೆಂದು ಕರೆಯಲು ನನಗೆ ನಾಲಗೆ ಏಳುವುದಿಲ್ಲ. ವ್ರತಕ್ಕಾಗಿ ಊಟ ಬಿಡುವವನಿಗೂ ಇಲ್ಲದೆ ಊಟ ಬಿಡುವವನಿಗೂ ಇರುವ ಅಂತರವನ್ನು ನಮ್ಮವರೇ ಹಲವೊಮ್ಮೆ ಮರೆಯುತ್ತಾರೆ. ನನ್ನ ತಕರಾರು ರೈತನೊಂದಿಗೆ ಅಲ್ಲ, ಈ ಬದಲಾವಣೆಯನ್ನು ಕಾಣದೆ ಹೆದ್ದಾರಿಯ ಥಳುಕನ್ನು ಸಮೃದ್ಧಿ ಎಂದು ಬರೆದುಕೊಳ್ಳುವ ಸಂಶೋಧನೆಯೊಂದಿಗೆ.

ವಿದ್ಯಾರ್ಥಿಗಳ ವಾಕ್ಯವನ್ನು ನಾನು ಹೊಡೆದುಹಾಕಲಿಲ್ಲ. ಅದರ ಕೆಳಗೆ ಮೂರು ಕೆಲಸಗಳನ್ನು ಬರೆದುಕೊಟ್ಟೆ. ಮಂಗಳವಾರವೋ ಶುಕ್ರವಾರವೋ, ಯಾವುದಾದರೂ ಸಂತೆಯ ದಿನ ಚಾಮರಾಜನಗರದಿಂದ ಹೊರಡುವ ಸಂಜೆಯ ಬಸ್ಸಿನಲ್ಲಿ ಕುಳಿತು, ಯಾರ ಚೀಲದಲ್ಲಿ ಏನಿದೆ ಎಂಬುದನ್ನು ಅವರ ಅನುಮತಿ ಪಡೆದು ಬರೆದುಕೊಳ್ಳಿ. ಗುಂಡ್ಲುಪೇಟೆಯ ಹೋಟೆಲಿನಲ್ಲಿ ಪರೋಟ ಬೇಯಿಸುವವನನ್ನು ಅವನ ಮನೆಯ ರಾತ್ರಿಯ ಊಟ ಯಾವುದೆಂದು ಕೇಳಿ. ಕೊನೆಗೆ, ಪುಣಜನೂರಿಗೆ ಹೋಗಿ.

ಮೂರನೆಯದಕ್ಕೆ ಕಾರಣವಿದೆ. ಎರಡು ಊರುಗಳನ್ನು ಹೋಲಿಸುವ ಆಟದಲ್ಲಿ ಮೂರನೆಯ ಪಕ್ಷವೊಂದು ಹೊರಗೇ ಉಳಿಯುತ್ತದೆ. ಸುವರ್ಣಾವತಿ ಜಲಾಶಯವನ್ನು ದಾಟಿ ಪುಣಜನೂರಿನ ಕಡೆ ಹೋದಂತೆ ಸೋಲಿಗರ ಪೋಡುಗಳು ಸಿಗುತ್ತವೆ. ನೂರೆಗೆಣಸು, ಕಾಡಿನ ಸೊಪ್ಪು, ಹೆಜ್ಜೇನು, ತುಡುವೆ, ರಾಗಿಯ ಕೊಯ್ಲಿನ ಮೇಲಣ ರೊಟ್ಟಿಹಬ್ಬ ಅವರವು. 1974ರಲ್ಲಿ ಬಿಳಿಗಿರಿರಂಗನ ಬೆಟ್ಟದ ಕಾಡು ಅಭಯಾರಣ್ಯವಾದ ಮೇಲೆ ಅವರ ಸ್ಥಳಾಂತರದ ಬೇಸಾಯ ನಿಂತಿತು; 2011ರಲ್ಲಿ ಸಮುದಾಯ ಅರಣ್ಯ ಹಕ್ಕುಗಳು ದೊರೆತವು. ಅದೇ ವರ್ಷ ಆ ಕಾಡು ಹುಲಿ ಸಂರಕ್ಷಿತ ಪ್ರದೇಶವೂ ಆಯಿತು. ಪುಣಿಸನ ಶಾಸನದ ಕಿರಾತನನ್ನು ಇವರೊಂದಿಗೆ ಸಮೀಕರಿಸುವ ದುಡುಕು ನನಗಿಲ್ಲ. ಕಳೆದುಕೊಂಡವರ ಪಟ್ಟಿಯಲ್ಲಿ ಕಾಡಿನವನೂ ಇದ್ದ ಎಂಬುದಷ್ಟೇ ನನಗೆ ಬೇಕಾದದ್ದು. ಸೋಲಿಗರ ಜೇನು ಎರಡೂ ಊರುಗಳ ಅಂಗಡಿಗಳಿಗೆ ಇಳಿಯುತ್ತದೆ. ಅವರ ಗೆಣಸು ಯಾವ ಹೋಟೆಲಿಗೂ ಇಳಿದಿಲ್ಲ. ನಾನು ಗೆಣಸು ತಿನ್ನುವವನಲ್ಲ, ಆದರೂ ಹೇಳುತ್ತಿದ್ದೇನೆ.

ಕಳೆದ ಸಲ ಪುಣಜನೂರಿಗೆ ಹೋದಾಗ ಸಂಜೆ ಐದು ದಾಟಿತ್ತು. 2022ರಿಂದ ದಿಂಬಂ ಘಾಟಿಯಲ್ಲಿಯೂ ರಾತ್ರಿ ಸಂಚಾರಕ್ಕೆ ತಡೆಯಿದೆ, ಭಾರದ ಲಾರಿಗಳಿಗೆ ಸಂಜೆ ಆರರಿಂದಲೇ. ರಸ್ತೆಯ ಬದಿಯಲ್ಲಿ ಲಾರಿಗಳು ಒಂದರ ಹಿಂದೆ ಒಂದು ನಿಲ್ಲತೊಡಗಿದ್ದವು. ಚಾಲಕನೊಬ್ಬ ಲಾರಿಯ ನೆರಳಿನಲ್ಲಿ ಸ್ಟೌ ಹಚ್ಚಿ ಅಕ್ಕಿ ತೊಳೆಯುತ್ತಿದ್ದ. ಚಹಾದಂಗಡಿಯ ಮುದುಕಿ ನನ್ನ ಬುತ್ತಿಯನ್ನು ನೋಡಿ, ಇಷ್ಟು ಹೊತ್ತಿಗೇ ಊಟವೇ ಎಂದು ಕೇಳಿದಳು. ನಾನು ಕತ್ತಲಾದ ಮೇಲೆ ಉಣ್ಣುವುದಿಲ್ಲ ಎಂದೆ. "ನಾವೂ ಅಷ್ಟೇ ಸಾಮಿ, ಆನೆ ಬತ್ತದೆ" ಎಂದು ಅವಳು ಒಲೆಯ ಕೆಂಡಕ್ಕೆ ನೀರು ಚಿಮುಕಿಸಿ ಅಂಗಡಿಯ ತಟ್ಟಿಯನ್ನು ಎಳೆದಳು.